ಅಣ್ಣನ ಸುತ್ತಿಗೆ, ತಂಗಿಯ ಬೀಗದಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸುಣ್ಣದ ಕಲ್ಲನ್ನು ಪುಡಿ ಮಾಡುವ ಕಾರ್ಖಾನೆಯ ಶೆಡ್ಡಿನಲ್ಲಿ ದೊಡ್ಡ ಯಂತ್ರವೊಂದು ನಿಲ್ಲುತ್ತಿದೆ. ಸ್ವಿಚ್ಚು ಆರಿಸಿ ಆಗಲೇ ಬಹಳ ಹೊತ್ತಾಗಿದೆ. ಆದರೂ ಒಳಗಿನ ಉಕ್ಕಿನ ಉರುಳೆ ತನ್ನ ಭಾರಕ್ಕೆ ತಾನೇ ಸುತ್ತುತ್ತ, ಗೊಣಗುತ್ತ, ಮನಸ್ಸಿಲ್ಲದ ಮನಸ್ಸಿನಿಂದ ನಿಧಾನವಾಗುತ್ತಿದೆ. ಪಕ್ಕದಲ್ಲಿ ಫಿಟ್ಟರ್ ಒಬ್ಬರು ಕೈಕಟ್ಟಿಕೊಂಡು ಕಾಯುತ್ತಿದ್ದಾರೆ. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗೆ. ಅದರಲ್ಲಿ ವಯಸ್ಸಿನದೆಷ್ಟು, ಕಲ್ಲಿನ ಪುಡಿಯದೆಷ್ಟು ಎಂದು ಹೇಳುವುದು ಕಷ್ಟ.

ಕೊನೆಯ ಸದ್ದೂ ಅಡಗಿದ ಮೇಲೆ ಫಿಟ್ಟರ್ ಗೋಡೆಯ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕುತ್ತಾರೆ, ಜಗ್ಗಿ ನೋಡುತ್ತಾರೆ, ಬೀಗದಕೈ ಹಿಡಿದು ಶೆಡ್ಡಿನ ಇನ್ನೊಂದು ಬದಿಗೆ ನಡೆಯುತ್ತಾರೆ. ಅಲ್ಲಿ ಕಿಟಕಿಯ ಕೆಳಗೆ ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ಜರಡಿ ಅಲ್ಲಾಡಿಸುತ್ತಿದ್ದಾರೆ. ಫಿಟ್ಟರ್ ಬೀಗದಕೈಯನ್ನು ಅವರ ಮೇಜಿನ ಅಂಚಿಗೆ ಇಡುತ್ತಾರೆ; ಮುಖ ನೋಡುವುದಿಲ್ಲ. ಜರಡಿಯವರು ಅದನ್ನು ತೆಗೆದು ಕೋಟಿನ ಒಳಜೇಬಿಗೆ ಹಾಕಿ ಜೇಬಿನ ಬಾಯಿಗೆ ಪಿನ್ನು ಚುಚ್ಚುತ್ತಾರೆ. ಅವರೂ ಮುಖ ಎತ್ತುವುದಿಲ್ಲ. ಫಿಟ್ಟರ್ ವಾಪಸು ಬಂದು, ಯಂತ್ರದ ಬಾಗಿಲು ತೆರೆದು, ಸೊಂಟದವರೆಗೆ ಒಳಗೆ ತೂರಿಕೊಳ್ಳುತ್ತಾರೆ. ಹೊರಗೆ ಉಳಿಯುವುದು ಎರಡು ಕಾಲು ಮತ್ತು ಒಂದು ಜೊತೆ ಹಳೆಯ ಬೂಟು.

ಬೂಟಿನವರು ಅಣ್ಣ, ಜರಡಿಯವರು ತಂಗಿ. ಒಂದೇ ತಾಯಿಯ ಮಕ್ಕಳು, ಒಂದೇ ಮನೆಯಲ್ಲಿ ಮೇಲೆ ಕೆಳಗೆ ಇರುವವರು. ಮಾತು ಬಿಟ್ಟಿದ್ದಾರೆ.

ಈ ಜಗಳ ಬರೆಯಲು ನಾನು ಬಂದದ್ದಲ್ಲ, ದೇವರಾಣೆ. ನಾನು ಬಂದದ್ದು ಸುತ್ತಿಗೆಯ ಬಗ್ಗೆ ಬರೆಯಲು. ನಮ್ಮ ಗೋಡೆಯ ಬಣ್ಣದಲ್ಲಿ, ಹಲ್ಲುಜ್ಜುವ ಪೇಸ್ಟಿನಲ್ಲಿ, ಕೋಳಿಯ ಮೇವಿನಲ್ಲಿ ಸೇರಿಹೋಗುವ ನುಣ್ಣನೆಯ ಬಿಳಿ ಪುಡಿ ಇದೆಯಲ್ಲ, ಅದು ನುಣ್ಣಗಾಗುವುದು ಇಂಥ ಶೆಡ್ಡುಗಳಲ್ಲಿ. ಯಾರ ಕೈಯಿಂದ ಎಂದು ಯಾರೂ ಕೇಳಿದವರಲ್ಲ. ಕೇಳೋಣ ಎಂದುಕೊಂಡು ಬಂದರೆ ಇಲ್ಲಿ ಅಣ್ಣ ತಂಗಿ ಮುಖ ಊದಿಸಿಕೊಂಡು ಕೂತಿದ್ದಾರೆ. ಸುತ್ತಿಗೆಯ ಕಥೆ ಕೇಳಿದರೆ ಜಗಳದ ಕಥೆ ಬರುತ್ತದೆ, ಜಗಳದ ಕಥೆ ಕೇಳಿದರೆ ಸುತ್ತಿಗೆಗೇ ಬಂದು ನಿಲ್ಲುತ್ತದೆ. ಹಾಗಾಗಿ ಎರಡನ್ನೂ ಹೇಳುತ್ತೇನೆ.

ಇಲ್ಲಿನ ಸುತ್ತಿಗೆಗೆ ಹಿಡಿಕೆಯಿಲ್ಲ. ಅದು ಅಂಗೈ ಅಗಲದ ದಪ್ಪ ಉಕ್ಕಿನ ಪಟ್ಟಿ, ಎರಡೂ ತುದಿಗೆ ತೂತು. ಉರುಳೆಯ ಸುತ್ತ ನಾಲ್ಕು ಸಲಾಕೆಗಳಿವೆ. ಆ ಸಲಾಕೆಗಳಿಗೆ ಇಂಥ ಇಪ್ಪತ್ತನಾಲ್ಕು ಪಟ್ಟಿಗಳನ್ನು ಪೋಣಿಸಿರುತ್ತಾರೆ. ಬಿಗಿಯಾಗಿ ಅಲ್ಲ, ತೂಗಾಡುವ ಹಾಗೆ. ಉರುಳೆ ವೇಗ ಹಿಡಿದಾಗ ಸುತ್ತಿಗೆಗಳೆಲ್ಲ ನೆಟ್ಟಗೆ ಚಾಚಿಕೊಳ್ಳುತ್ತವೆ. ಮೇಲಿಂದ ಬೀಳುವ ಕಲ್ಲಿಗೆ ಹೊಡೆದು, ಅದನ್ನು ಎದುರಿಗಿರುವ ಉಕ್ಕಿನ ಪ್ಲೇಟಿಗೆ ಅಪ್ಪಳಿಸಿ, ಪುಡಿಗಟ್ಟುತ್ತವೆ.

"ಕಲ್ಲು ಮಾತ್ರ ಪುಡಿ ಆಗುತ್ತೆ ಅಂದ್ಕೋಬೇಡಿ ಮೇಡಂ," ಎನ್ನುತ್ತಾರೆ ಫಿಟ್ಟರ್, ಹೊರಬಂದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ. "ಸುತ್ತಿಗೇನೂ ಪುಡಿ ಆಗುತ್ತೆ. ದಿನಾ ಒಂದೊಂದು ಚೂರು. ನಮ್ಮ ಕಣ್ಣಿಗೆ ಕಾಣಲ್ಲ, ಅಷ್ಟೇ."

ಸುತ್ತಿಗೆ ಸವೆದಷ್ಟೂ ಅದಕ್ಕೂ ಪ್ಲೇಟಿಗೂ ನಡುವಿನ ಸಂದು ದೊಡ್ಡದಾಗುತ್ತದೆ. ಆ ಸಂದಿನಲ್ಲಿ ಕಲ್ಲು ಪೂರ್ತಿ ಪೆಟ್ಟು ತಿನ್ನದೆ ನುಸುಳುತ್ತದೆ, ಪುಡಿಯಲ್ಲಿ ನುಚ್ಚು ಕಾಣಿಸುತ್ತದೆ. ಆಗ ಪ್ಲೇಟನ್ನು ಮುಂದಕ್ಕೆ ತರಬೇಕು. ಪ್ಲೇಟಿನ ಬೆನ್ನಿಗೆ ಎರಡು ಬೋಲ್ಟುಗಳಿವೆ. ಎರಡನ್ನೂ ಸಮನಾಗಿ, ಇಷ್ಟಿಷ್ಟೇ ತಿರುಗಿಸಬೇಕು. ಸುತ್ತಿಗೆಯ ಒಂದು ಮೂಲೆ ಸವೆದರೆ ಬಿಚ್ಚಿ, ಮಗ್ಗುಲು ಬದಲಿಸಿ, ಇನ್ನೊಂದು ಮೂಲೆಯಿಂದ ದುಡಿಸಿಕೊಳ್ಳಬೇಕು. ಎದುರುಬದುರು ಕೂರುವ ಸುತ್ತಿಗೆಗಳು ಒಂದೇ ತೂಕದವಾಗಿರಬೇಕು; ಇಲ್ಲದಿದ್ದರೆ ಇಡೀ ಶೆಡ್ಡು ಗಡಗಡ ನಡುಗುತ್ತದೆ. ಇದನ್ನೆಲ್ಲ ಈ ಫಿಟ್ಟರ್ ಮೀಸೆ ಚಿಗುರುವ ವಯಸ್ಸಿನಿಂದ ಮಾಡಿಕೊಂಡು ಬಂದಿದ್ದಾರೆ.

"ತೀರಾ ಹತ್ತಿರ ತಂದ್ರೆ ಕಚ್ಚಾಡ್ತವೆ. ದೂರ ಬಿಟ್ರೆ ಕೆಲಸ ಕೆಡುತ್ತೆ. ಮನೆಯೋರ ಥರಾನೇ," ಎಂದು ನಗುತ್ತಾರೆ. ಆಮೇಲೆ ಕಿಟಕಿಯ ಕಡೆ ಒಂದು ಸಲ ಕಳ್ಳನೋಟ ಬೀರಿ, ನಗು ನುಂಗಿಕೊಂಡು, ಸ್ಪ್ಯಾನರ್ ಒರೆಸಲು ಶುರುಮಾಡುತ್ತಾರೆ.

ಪ್ಲೇಟು ಯಾವಾಗ ಮುಂದೆ ತರಬೇಕು ಎಂದು ಅವರಿಗೆ ಹೇಳುವುದು ತಂಗಿಯ ಜರಡಿ. ಯಂತ್ರದ ಬಾಯಿಂದ ಆಗಾಗ ಒಂದು ಬೊಗಸೆ ಪುಡಿ ತಂದು ಸೋಸಿ, ಮೇಲೆ ಎಷ್ಟು ನುಚ್ಚು ಉಳಿಯಿತು ಎಂದು ನೋಡುವುದು ಅವರ ಕೆಲಸ. ಮೊದಲೆಲ್ಲ ಶೆಡ್ಡಿನ ಆ ತುದಿಯಿಂದ "ಅಣ್ಣಾ, ನುಚ್ಚು ಬರ್ತಿದೆ!" ಎಂಬ ಕೂಗು ಕೇಳುತ್ತಿತ್ತಂತೆ. ಯಂತ್ರದ ಸದ್ದನ್ನೂ ಸೀಳಿಕೊಂಡು ಬರುವ ಗಂಟಲು. ಅದನ್ನು ಕೇಳಿ ಕೇಳಿ ಇಡೀ ಕಾರ್ಖಾನೆಯೇ ಫಿಟ್ಟರನ್ನು 'ಅಣ್ಣ' ಎನ್ನತೊಡಗಿತು, ಅವರಿಗಿಂತ ಹಿರಿಯರೂ ಸೇರಿ. ತಂಗಿ ಎಲ್ಲರಿಗೂ 'ಜರಡಿ ಅಕ್ಕ'. ಅಣ್ಣ ಒಬ್ಬರು ಮಾತ್ರ ಆ ನರೆಗೂದಲಿನ ಹೆಂಗಸನ್ನು 'ಪುಟ್ಟಿ' ಎನ್ನುತ್ತಿದ್ದರು.

ಈಗ ಕೂಗಿಲ್ಲ. ಜರಡಿ ಅಕ್ಕ ಉಳಿದ ನುಚ್ಚನ್ನು ಒಂದು ಚೂರು ಕಾಗದದ ಮೇಲೆ ಇಟ್ಟು, ತಂದು, ಅಣ್ಣನ ಕೆಲಸದ ಬೆಂಚಿನ ಮೇಲೆ ಇಟ್ಟು ಹೋಗುತ್ತಾರೆ. ಅಣ್ಣ ಅದನ್ನು ಬೆರಳಲ್ಲಿ ಉಜ್ಜಿ ನೋಡಿ ಬೋಲ್ಟು ತಿರುಗಿಸುತ್ತಾರೆ. ಮಾತು ಬಿಟ್ಟವರ ನಡುವೆ ಇಷ್ಟು ಚೊಕ್ಕವಾಗಿ ಸುದ್ದಿ ಓಡಾಡುವುದನ್ನು ನಾನಂತೂ ಕಂಡಿರಲಿಲ್ಲ. ಇನ್ನೊಂದಿದೆ. ಅಣ್ಣನ ಹೆಂಡತಿ ದಿನವೂ ಎರಡು ಊಟದ ಡಬ್ಬಿ ಕಟ್ಟುತ್ತಾರೆ. ಎರಡನ್ನೂ ಅಣ್ಣನೇ ಹೊತ್ತು ತಂದು, ಒಂದನ್ನು ಜರಡಿಯ ಮೇಜಿನ ಕೆಳಗೆ ಇಡುತ್ತಾರೆ. ಜರಡಿ ಅಕ್ಕ ಅದನ್ನು ಖಾಲಿ ಮಾಡಿ, ತೊಳೆದು, ಅಲ್ಲೇ ಇಡುತ್ತಾರೆ. ನಾನು ಆಶ್ಚರ್ಯಪಟ್ಟರೆ ಅವರಿಗೆ ನಗು. "ಮಾತು ಬಿಟ್ಟಿರೋದು ಮೇಡಂ. ಊಟ ಬಿಟ್ಟಿಲ್ವಲ್ಲ."

ಜರಡಿ ಅಕ್ಕ ಇಲ್ಲಿಗೆ ಬಂದದ್ದು ಗಂಡ ತೀರಿಕೊಂಡ ಮೇಲೆ. ತವರಿಗೆ ವಾಪಸಾಗಿ, ತಾಯಿಯ ಜೊತೆ ಕೆಳಗಿನ ಕೋಣೆಯಲ್ಲಿ ಗೋಡೆ ನೋಡುತ್ತ ಕೂತಿದ್ದರಂತೆ. ಒಂದು ದಿನ ಅಣ್ಣ ಅವರನ್ನು ಎಬ್ಬಿಸಿಕೊಂಡು ಬಂದು ಸೂಪರ್‌ವೈಸರ್ ಮುಂದೆ ನಿಲ್ಲಿಸಿದರು. "ಚಿಕ್ಕೋಳಿದ್ದಾಗ ತಟ್ಟೇಲಿ ಒಂದೇ ಒಂದು ಮರಳು ಕಾಳಿದ್ರೂ ಹುಡುಕಿ ಅಮ್ಮನಿಗೆ ತೋರಿಸ್ತಿದ್ಲು. ಇವಳ ಕಣ್ಣು ನಿಮ್ಮ ಜರಡಿಗಿಂತ ಸಣ್ಣ ಅಂತ ಹೇಳ್ದೆ," ಎನ್ನುತ್ತಾರೆ ಅಣ್ಣ. ಸೂಪರ್‌ವೈಸರಿಗೆ ನಗು ಬಂತು, ಕೆಲಸ ಸಿಕ್ಕಿತು.

ಬೀಗದಕೈಯ ರೂಢಿ ಶುರುವಾದದ್ದು ಆಮೇಲೆ. ಯಂತ್ರದೊಳಗೆ ಇಳಿಯುವವನ ಬಳಿಯೇ ಸ್ವಿಚ್ಚಿನ ಬೀಗದಕೈ ಇರಬೇಕೆಂಬುದು ನಿಯಮ. ಅವನು ಒಳಗಿರುವಾಗ ಯಾರೋ ಗೊತ್ತಿಲ್ಲದೆ ಸ್ವಿಚ್ಚು ಒತ್ತಿದರೆ ಮುಗಿಯಿತು. ಆದರೆ ಅಣ್ಣ ತಲೆಕೆಳಗಾಗಿ ಬಗ್ಗಿದಾಗ ಒಮ್ಮೆ ಬೀಗದಕೈ ಅಂಗಿಯ ಜೇಬಿನಿಂದ ಜಾರಿ ಯಂತ್ರದ ಹೊಟ್ಟೆಗೆ ಬಿತ್ತು. ಹುಡುಕಿ ಹುಡುಕಿ ಎಲ್ಲರಿಗೂ ಸಾಕುಸಾಕಾಯಿತು. ಅಂದಿನಿಂದ ಅದು ತಂಗಿಯ ಜೇಬಿನಲ್ಲಿ, ಪಿನ್ನಿನ ಕಾವಲಿನಲ್ಲಿ. ನಿಯಮದ ಮಾತೆತ್ತಿದರೆ ಅಣ್ಣನಿಗೆ ಸಿಟ್ಟೇ ಬರುತ್ತದೆ. "ನನ್ನ ಹತ್ರಾನೇ ಇದೆಯಲ್ಲ! ಅವಳು ಬೇರೆ, ನಾನು ಬೇರೆನಾ?"

ಇದನ್ನು ಹೇಳುವವರು ತಂಗಿಯ ಜೊತೆ ಮಾತಾಡಿ ಎಷ್ಟೋ ತಿಂಗಳಾಗಿದೆ ಎಂಬುದನ್ನು ನೀವು ಮರೆಯಬಾರದು.

ಬೀಗದಕೈ ಸುಮ್ಮನೆ ವಾಪಸು ಸಿಗುತ್ತಿರಲಿಲ್ಲ. ಕೆಲಸ ಮುಗಿಸಿ ಅಣ್ಣ ಕೈಚಾಚಿದಾಗ ತಂಗಿ ಒಂದು ಪ್ರಶ್ನೆ ಕೇಳುತ್ತಿದ್ದರು: "ಎಲ್ಲಾನೂ ಎಳ್ದು ನೋಡಿದ್ಯಾ?" ಹೌದು ಎಂದ ಮೇಲೇ ಪಿನ್ನು ಬಿಚ್ಚುತ್ತಿದ್ದರು. ಈ ಪ್ರಶ್ನೆಯ ಅರ್ಥ ತಿಳಿಯಬೇಕಾದರೆ ಸುತ್ತಿಗೆಯ ಒಂದು ಗುಣ ತಿಳಿದಿರಬೇಕು. ಯಂತ್ರ ನಿಂತಾಗ ಸುತ್ತಿಗೆಗಳು ಜೋತುಬಿದ್ದಿರುತ್ತವೆ. ಉರುಳೆಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ, ಪ್ಲೇಟು ಅಡ್ಡ ಬಂದರೂ, ಅವು ಮಡಚಿಕೊಂಡು ಜಾಣತನದಿಂದ ದಾಟಿಬಿಡುತ್ತವೆ. ಎಲ್ಲ ಸರಿಯಿದೆ ಎಂದುಕೊಂಡು ಸ್ವಿಚ್ಚು ಹಾಕಿದಿರೋ, ವೇಗಕ್ಕೆ ಪೂರ್ತಿ ಚಾಚಿಕೊಂಡು ಹೋಗಿ ಪ್ಲೇಟಿಗೆ ಬಡಿಯುತ್ತವೆ. ಅದಕ್ಕೇ ಒಂದೊಂದನ್ನೂ ಕೈಯಿಂದ ಹೊರಕ್ಕೆ ಎಳೆದು, ತುದಿ ಪ್ಲೇಟಿಗೆ ಮುಟ್ಟುವುದಿಲ್ಲ ಎಂದು ನೋಡಬೇಕು. ಹೊಸ ಸುತ್ತಿಗೆ ಹಾಕಿದಾಗಲಂತೂ ಇನ್ನೂ ಜೋಕೆ. ಸವೆದವಕ್ಕೆಂದು ಹತ್ತಿರ ತಂದಿದ್ದ ಪ್ಲೇಟನ್ನು ಹೊಸಬರಿಗಾಗಿ ಮೊದಲು ಹಿಂದಕ್ಕೆ ಸರಿಸಿರಬೇಕು.

ಕಳೆದ ಸಲ ಹೊಸ ಸುತ್ತಿಗೆ ಹಾಕುತ್ತಿದ್ದಾಗ ಮನೆಯಿಂದ ಫೋನು ಬಂತು. ತಾಯಿ ಮೆಟ್ಟಿಲಲ್ಲಿ ಜಾರಿಬಿದ್ದಿದ್ದಾರೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದು. ಇಬ್ಬರಿಗೂ ಬೇಗ ಮುಗಿಸಿ ಹೊರಡುವ ಅವಸರ. ಅಣ್ಣ ಪ್ಲೇಟನ್ನು ಹಿಂದೆ ಸರಿಸಿದರು, ಆದರೆ ಸಾಲುವಷ್ಟು ಅಲ್ಲ. ಕೈಯಿಂದ ಒಂದು ಸುತ್ತು ತಿರುಗಿಸಿದರು. ಸುತ್ತಿಗೆಗಳು ಮಡಚಿಕೊಂಡು ದಾಟಿದವು. ಕಣ್ಣೀರು ಒರೆಸುತ್ತ ಕೂತಿದ್ದ ತಂಗಿ ಏನೂ ಕೇಳದೆ ಬೀಗದಕೈ ಕೊಟ್ಟುಬಿಟ್ಟರು. ಅಷ್ಟು ವರ್ಷಗಳಲ್ಲಿ ಅವರು ಆ ಪ್ರಶ್ನೆ ಕೇಳದೆ ಇದ್ದದ್ದು ಅದೊಂದೇ ಸಲ.

ಯಂತ್ರ ವೇಗ ಹಿಡಿಯುತ್ತಿದ್ದಂತೆ ಶೆಡ್ಡೇ ಸಿಡಿದಂತಾಯಿತು. ಪ್ಲೇಟಿನ ಒಂದು ತುಂಡು ಮುರಿದು, ಬಾಗಿಲನ್ನು ಹರಿದುಕೊಂಡು ಬಂದು, ಜರಡಿ ಮೇಜಿನ ಮುಂದಿನ ಸ್ಟೂಲನ್ನು ನುಚ್ಚುನೂರು ಮಾಡಿತು. ಮನೆಗೆ ಹೊರಡಲು ಚೀಲ ತರಲೆಂದು ಜರಡಿ ಅಕ್ಕ ಆಗಷ್ಟೇ ಆ ಸ್ಟೂಲಿನಿಂದ ಎದ್ದಿದ್ದರು. ಅಣ್ಣ ಓಡಿ ಬಂದರು. ಜೀವ ಬಾಯಿಗೆ ಬಂದಿತ್ತು. ತಂಗಿಯನ್ನು ತಬ್ಬಿಕೊಳ್ಳಬೇಕಿತ್ತು. ಅದು ಬಿಟ್ಟು ಎಲ್ಲರೆದುರು ಕಿರುಚಿದರು: "ದಿನಾ ಕೇಳೋಳು ಇವತ್ಯಾಕೆ ಬಾಯಿ ಮುಚ್ಕೊಂಡಿದ್ದೆ?"

ತಂಗಿ ಹೇಳಿದ್ದು ಒಂದೇ ಮಾತು. "ನಾನು ಸತ್ತಿದ್ರೂ ಹೀಗೇ ಕೇಳ್ತಿದ್ಯಾ, ಅಣ್ಣ?"

ಅಲ್ಲಿಗೆ ಮಾತು ನಿಂತಿತು. ಪ್ಲೇಟು ಬದಲಾಯಿತು, ಬಾಗಿಲು ಬದಲಾಯಿತು, ಹೊಸದೊಂದು ಸೆಟ್ ಸುತ್ತಿಗೆ ಬಂದು ಕೂತಿತು. ಆ ಸೆಟ್ಟಿನ ನಾಲ್ಕೂ ಮೂಲೆ ಸವೆದು, ಇವತ್ತು ಬೆಳಿಗ್ಗೆ ಅಣ್ಣ ಅದನ್ನು ಬಿಚ್ಚಿ ನೆಲದ ಮೇಲೆ ಸಾಲಾಗಿ ಜೋಡಿಸಿದ್ದಾರೆ. ಚೂಪಾಗಿದ್ದ ಮೂಲೆಗಳೆಲ್ಲ ಬಳಸಿದ ಸೋಪಿನಂತೆ ದುಂಡಗಾಗಿವೆ. ಒಂದು ಸೆಟ್ಟು ಉಕ್ಕು ಸವೆಯುವಷ್ಟು ಕಾಲ ಈ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರಲ್ಲ!

"ಕಾಲು ಉಳುಕಿದ್ದು ನಂದು, ಮುಖ ಉಳುಕಿದ್ದು ಇವರದ್ದು," ಎಂದು ನನಗೆ ಹೇಳಿದವರು ಅವರ ತಾಯಿ. ಹಿಂದಿನ ಸಂಜೆ ಮನೆಗೆ ಹೋಗಿದ್ದೆ. ಕೆಳಗಿನ ಕೋಣೆಯ ಕುರ್ಚಿಯಲ್ಲಿ ಕೂತು, ಮೇಲೆ ಓಡಾಡುವ ಮಗನ ಹೆಜ್ಜೆ ಸದ್ದು ಕೇಳುತ್ತ, ಬಟಾಣಿ ಸುಲಿಯುತ್ತಿದ್ದರು. "ಎರಡಕ್ಕೂ ಕಿವಿ ಹಿಂಡ್ಬೇಕು. ಏನ್ಮಾಡ್ಲಿ, ಈಗ ನನಗೆ ಕೈ ಎಟುಕಲ್ಲ."

ಅಣ್ಣನನ್ನು ಬೇರೆಯಾಗಿ ಕೇಳಿದೆ, ಕ್ಷಮಿಸು ಎಂದು ಒಂದು ಮಾತು ಹೇಳಬಾರದೇ ಎಂದು. ಬೂಟಿನ ಪುಡಿ ಕೊಡವುತ್ತ ಹೇಳಿದರು. "ಹೇಳೋಣ ಅಂತಾನೇ ಮೇಜಿನವರೆಗೆ ಹೋಗ್ತೀನಿ. ಆ ಸ್ಟೂಲು ಇದ್ದ ಜಾಗ ಕಾಣುತ್ತೆ. ಬೀಗದಕೈ ಇಟ್ಟು ಬಂದ್ಬಿಡ್ತೀನಿ. ಈಗ ಕೇಳೋರಿಲ್ಲ ಅಂತ ಎರಡೆರಡು ಸಲ ಎಳ್ದು ನೋಡ್ತೀನಿ."

ಜರಡಿ ಅಕ್ಕನನ್ನೂ ಕೇಳಿದೆ. ಅವರು ಜರಡಿ ಅಲ್ಲಾಡಿಸುವುದನ್ನು ನಿಲ್ಲಿಸಲಿಲ್ಲ. "ಅವನು ಬೈದ ಅಂತ ಬೇಜಾರಲ್ಲ ಮೇಡಂ. ಬೈದಿದ್ದು ನಿಜ ಇತ್ತಲ್ಲ, ಅದು. ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ. ಒಂದು ವೇಳೆ ಆ ತುಂಡು ಅವನ ಕಡೆ ಹೋಗಿದ್ರೆ? ಈಗ ಯಾವ ಮುಖ ಇಟ್ಕೊಂಡು ಕೇಳ್ಲಿ ಹೇಳಿ?"

ಅಯ್ಯೋ ರಾಮ! ಅಣ್ಣನಿಗೆ ತನ್ನ ತಪ್ಪು, ತಂಗಿಗೆ ತನ್ನ ತಪ್ಪು. ಇಬ್ಬರ ಮಾತೂ ನನ್ನ ಬಾಯಲ್ಲಿದೆ, ಹೇಳುವಂತಿಲ್ಲ. ನಾಲಿಗೆ ಕಚ್ಚಿಕೊಂಡು ಸುಮ್ಮನಿರುವುದು ನಮ್ಮಂಥವರಿಗೆ ಎಷ್ಟು ಕಷ್ಟ ಎಂಬುದು ನನಗೇ ಗೊತ್ತು.

ಇದರ ಮೇಲೆ ಇನ್ನೊಂದು ಸುದ್ದಿ. ಬರುವ ವಾರ ಜರಡಿ ಮೇಜು ಈ ಶೆಡ್ಡಿನಲ್ಲಿರುವುದಿಲ್ಲ. ಧೂಳಿಲ್ಲದ ಜಾಗ ಬೇಕೆಂದು ಅಂಗಳದ ಆಚೆ, ಕಚೇರಿಯ ಹಿಂದೆ, ಹೊಸ ಕೋಣೆ ಕಟ್ಟಿಸಿದ್ದಾರೆ. ಬೀಗದಕೈಗೆ ಸ್ವಿಚ್ಚಿನ ಪಕ್ಕದಲ್ಲೇ ಒಂದು ಮೊಳೆ ಹೊಡೆಸಿದರಾಯಿತು ಎನ್ನುತ್ತಾರೆ ಸೂಪರ್‌ವೈಸರ್. ಒಳ್ಳೆಯ ಮನುಷ್ಯ, ಒಳ್ಳೆಯದಕ್ಕೇ ಹೇಳಿದ್ದು. ಆದರೆ ಆ ಮೊಳೆಯ ಮಾತು ಬಂದಾಗಿನಿಂದ ಅಣ್ಣ ಊಟ ಸರಿಯಾಗಿ ಮಾಡುತ್ತಿಲ್ಲವೆಂದು ಅವರ ಹೆಂಡತಿ ಹೇಳಿದರು. ಮೇಜು ಹೋದರೆ ಬೀಗದಕೈ ಹಿಡಿದು ಮೇಜಿನವರೆಗೆ ನಡೆಯುವ ನೆಪವೂ ಹೋಗುತ್ತದೆ. ಇವತ್ತಿನದು ಬಹುಶಃ ಕೊನೆಯ ಸಲ.

ಮಧ್ಯಾಹ್ನದ ಹೊತ್ತಿಗೆ ಹೊಸ ಸುತ್ತಿಗೆಗಳನ್ನು ತಕ್ಕಡಿಗೆ ಹಾಕಿ, ಸಮತೂಕದವನ್ನು ಜೋಡಿ ಮಾಡಿ, ಸೀಮೆಸುಣ್ಣದಿಂದ ಗುರುತು ಹಾಕಿಯಾಗಿದೆ. ಪ್ಲೇಟನ್ನು ಪೂರ್ತಿ ಹಿಂದಕ್ಕೆ ತಳ್ಳಿಯಾಗಿದೆ. ಅಣ್ಣ ಒಳಗಿದ್ದಾರೆ. ಸುತ್ತಿಗೆ ಎಳೆದಾಗ ಸಲಾಕೆಯ ಮೇಲೆ ಒಂದು 'ಟಕ್' ಕೇಳುತ್ತದೆ, ಸ್ವಲ್ಪ ಬಿಟ್ಟು ಇನ್ನೊಂದು 'ಟಕ್'. ಒಂದು ಸುತ್ತು ಮುಗಿಯುತ್ತದೆ. ಮತ್ತೆ ಮೊದಲಿನಿಂದ ಶುರು. ಕಿಟಕಿಯ ಕೆಳಗೆ ಜರಡಿಯ ಸದ್ದು ನಿಂತಿರುವುದನ್ನು ನಾನು ಗಮನಿಸುತ್ತೇನೆ. ಜರಡಿ ಅಕ್ಕ ಕತ್ತು ಓರೆ ಮಾಡಿ ಆ ಸದ್ದನ್ನೇ ಕೇಳುತ್ತಿದ್ದಾರೆ.

ಅಣ್ಣ ಹೊರಬಂದು, ಕೈ ಒರೆಸಿಕೊಂಡು, ಮೇಜಿಗೆ ಹೋಗಿ ಅಂಗೈ ಚಾಚುತ್ತಾರೆ. ಜರಡಿ ಅಕ್ಕ ಪಿನ್ನು ಬಿಚ್ಚುತ್ತಾರೆ, ಬೀಗದಕೈ ತೆಗೆಯುತ್ತಾರೆ. ಕೊಡುವುದಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು ನಿಲ್ಲುತ್ತಾರೆ. ಅತ್ತ ಪುಡಿಯ ಚೀಲ ಹೊಲಿಯುತ್ತಿದ್ದವರು ಹೊಲಿಗೆ ನಿಲ್ಲಿಸುತ್ತಾರೆ.

"ಎಲ್ಲಾನೂ," ಎಂದು ಶುರುಮಾಡಿದ ಜರಡಿ ಅಕ್ಕ ಒಮ್ಮೆ ಕೆಮ್ಮಿ ಮುಂದುವರಿಸುತ್ತಾರೆ. "ಎಲ್ಲಾನೂ ಎಳ್ದು ನೋಡಿದ್ಯಾ?"

ಅಣ್ಣ ಚಾಚಿದ ಕೈ ಹಾಗೇ ಇದೆ. "ನೋಡ್ದೆ ಕಣೆ," ಎನ್ನುತ್ತಾರೆ. "ಎರಡು ಸಲ ನೋಡ್ದೆ, ಪುಟ್ಟಿ."

"ಇನ್ನೊಂದ್ಸಲ ನೋಡ್ಕೊಂಡು ಬಾ."

ಎಷ್ಟೋ ಟನ್ನು ಕಲ್ಲನ್ನು ನುಣ್ಣಗೆ ಮಾಡಿಸಿದ ಆ ಮನುಷ್ಯ, ಮೇಷ್ಟ್ರು ವಾಪಸು ಕಳಿಸಿದ ಮಗುವಿನ ಹಾಗೆ, ತಿರುಗಿ ಯಂತ್ರದ ಕಡೆ ನಡೆಯುತ್ತಾರೆ. ಈ ಸಲ ಜರಡಿ ಅಕ್ಕನೂ ಹಿಂದೆಯೇ ಬಂದು ಬಾಗಿಲ ಪಕ್ಕ ನಿಲ್ಲುತ್ತಾರೆ. ಒಳಗಿಂದ 'ಟಕ್' ಎಂದರೆ ಹೊರಗಿಂದ "ಹೂಂ" ಎನ್ನುತ್ತಾರೆ. ಟಕ್, ಹೂಂ. ಟಕ್, ಹೂಂ. ಕೊನೆಯದಕ್ಕೂ ಹೂಂಗುಟ್ಟಿಯಾಯಿತು, ಅಣ್ಣ ಮಾತ್ರ ಹೊರಗೆ ಬರುವುದಿಲ್ಲ.

"ಏನಾಯ್ತು?" ಎಂದು ತಂಗಿ ಬಗ್ಗಿ ಕೇಳುತ್ತಾರೆ.

"ಏನಿಲ್ಲ. ಕಣ್ಣಿಗೆ ಧೂಳು."

"ನನ್ನ ಕಣ್ಣಿಗೂ ಬಿತ್ತು. ಬಾ ಹೊರಗೆ."

ಆ ಹೊತ್ತಿನಲ್ಲಿ ಶೆಡ್ಡಿನಲ್ಲಿದ್ದ ನಮ್ಮೆಲ್ಲರ ಕಣ್ಣಿಗೂ ಧೂಳು ಬಿದ್ದಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಬೀಗದಕೈ ಅಣ್ಣನ ಕೈಗೆ ಬರುತ್ತದೆ, ಯಂತ್ರ ಶುರುವಾಗುತ್ತದೆ. ಎಲ್ಲರೂ ದೂರ ನಿಂತು ಉಸಿರು ಬಿಗಿಹಿಡಿಯುತ್ತೇವೆ. ಗೊಣಗಾಟ ಏರಿ, ಏರಿ, ಒಂದೇ ಸಮನೆಯ ಗುಂಯ್ ಆಗಿ ನಿಲ್ಲುತ್ತದೆ. ಕಲ್ಲು ಬೀಳುತ್ತದೆ, ಪುಡಿ ಬರುತ್ತದೆ. ಜರಡಿ ಅಕ್ಕ ಒಂದು ಬೊಗಸೆ ತಂದು ಸೋಸುತ್ತಾರೆ. ಮೇಜು ಯಂತ್ರದಿಂದ ಅಷ್ಟು ದೂರದಲ್ಲಿದ್ದರೂ ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ: "ಅಣ್ಣಾ, ನುಚ್ಚಿಲ್ಲ!"

ಚಹಾದ ಹೊತ್ತಿನಲ್ಲಿ ಇಬ್ಬರೂ ಅಂಗಳದ ಕಟ್ಟೆಯ ಮೇಲೆ ಕೂತಿದ್ದಾರೆ, ಮಧ್ಯೆ ಊಟದ ಡಬ್ಬಿಗಳು. ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ. ಇಷ್ಟು ತಿಂಗಳ ಬಾಕಿ ಇತ್ತಲ್ಲ, ಬಿಟ್ಟುಬಿಟ್ಟೆ. ಕೊನೆಗೆ ಹತ್ತಿರ ಹೋಗಿ ಅಣ್ಣನಿಗೆ ನನ್ನ ಮಾಮೂಲಿ ಪ್ರಶ್ನೆ ಹಾಕಿದೆ. ಇಷ್ಟು ವರ್ಷ ದುಡಿದಿದ್ದೀರಿ, ಯಾರ ಕಣ್ಣಿಗೂ ಬಿದ್ದಿಲ್ಲ, ನಿಮಗೆ ಏನಾದರೂ ಆಸೆ ಇದೆಯೇ?

ಅಣ್ಣ ಅಂಗಳದ ಆಚೆಯ ಹೊಸ ಕೋಣೆಯನ್ನು ಕಣ್ಣಲ್ಲೇ ಅಳೆದರು. "ಮೇಜು ಎಲ್ಲಿಗಾದ್ರೂ ಹೋಗ್ಲಿ ಮೇಡಂ. ಆ ಮೊಳೆ ಮಾತ್ರ ಬೇಡ. ಬೀಗದಕೈ ಇವಳ ಜೇಬಲ್ಲೇ ಇರ್ಲಿ. ಪ್ರತಿ ಸಲ ನಾನೇ ನಡ್ಕೊಂಡು ಹೋಗಿ ಕೊಟ್ಟು, ನಾನೇ ಹೋಗಿ ಇಸ್ಕೊಂಡು ಬರ್ತೀನಿ."

ತಂಗಿ ಅಣ್ಣನ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. "ಅಷ್ಟು ದೂರ ನಡೀಲಿ ಬಿಡಿ ಮೇಡಂ," ಎಂದರು. "ಮಾತು ಬಿಟ್ಟಾಗಿನಿಂದ ಇವನಿಗೆ ಹೊಟ್ಟೆ ಬಂದಿದೆ."